ಭೀಮಣ್ಣ ದಾಟಿದ ನೀರು

ಮೊನ್ನೆ ಮುಂಬಯಿಯ ಬಂದರಿನಲ್ಲಿ ಉಪ್ಪುಗಾಳಿ ಮೂಗಿಗೆ ಬಡಿದಾಗ ನಮ್ಮ ಆಯಿಯ ನೆನಪಾಯಿತು ನೋಡಿ. ಆಯಿ ಎಂದರೆ ಹುಮನಾಬಾದಿನ ನನ್ನ ಅಜ್ಜಿ. ಅವಳ ಅಜ್ಜ ಭೀಮಣ್ಣ ಕಲ್ಯಾಣಿಯವನು, ಎಂದರೆ ಈಗಿನ ಬಸವಕಲ್ಯಾಣದವನು. ಹರೆಯದಲ್ಲೇ ಹೆಂಡತಿ ಕಲ್ಲವ್ವನನ್ನೂ ಕೈಗೂಸನ್ನೂ ಬಿಟ್ಟು, ಸೊಲ್ಲಾಪುರದ ದಾರಿ ಹಿಡಿದು ನಡೆದು, ಮುಂಬಯಿಯಲ್ಲಿ ಮಾರಿಷಸ್ಸಿನ ಹಡಗು ಹತ್ತಿದ. ಕಬ್ಬಿನ ಹೊಲದ ಕೂಲಿಗೆ. ತಿರುಗಿ ಬರುವಾಗ ಹಡಗು ಮುಳುಗಿತೆಂದು ಯಾರೋ ಸುದ್ದಿ ತಂದರಂತೆ. ಕಲ್ಲವ್ವ ನಂಬಲಿಲ್ಲ. ತವರಾದ ಹುಮನಾಬಾದಿಗೆ ಬಂದು, ಮುದುಕಿಯಾಗಿ ಸಾಯುವವರೆಗೂ ತಾಳಿ, ಬಳೆ ತೆಗೆಯಲಿಲ್ಲ.

ನಾನು ಮಾಸ್ತರಿಕೆಗೆ ಸೇರಿದ ಹೊಸದರಲ್ಲಿ, ಕೋಟು ತೊಟ್ಟ ಹಿರಿಯರೊಬ್ಬರು ನಮ್ಮ ಮನೆ ಕೇಳುತ್ತ ಬಂದರು. ಮಾರಿಷಸ್ಸಿನವರು, ಅಲ್ಲೇ ಬೆಳೆದವರು, ಭೀಮಣ್ಣನ ಮೊಮ್ಮಗ! ಅಜ್ಜ ಹೋದ ದಾರಿಯಲ್ಲೇ ಹಿಂದಕ್ಕೆ ಬಂದಿದ್ದರು. ಅಜ್ಜನ ಊರು ಅದೇ ಎಂದುಕೊಂಡು ಮುಂಬಯಿ ಪಕ್ಕದ ಕಲ್ಯಾಣದಲ್ಲಿ ಸುಮ್ಮನೆ ಅಲೆದು, ಆಮೇಲೆ ಬಸವಕಲ್ಯಾಣ ಮುಟ್ಟಿ, ಅಲ್ಲಿಯವರ ಮಾತು ಕೇಳಿ ನಮ್ಮೂರ ಬಸ್ಸು ಹತ್ತಿದ್ದರು. ಭೂಗೋಳ ಕಲಿಸುವ ನಾನು ನಕ್ಷೆಯಲ್ಲಿ ಅವರ ದೇಶಕ್ಕಾಗಿ ತಡಕಾಡಿದ್ದನ್ನು ಹೇಳದಿರುವುದೇ ಒಳ್ಳೆಯದು.

ಅವರ ಹಿಂದಿಯನ್ನು ನಾನು ಆಯಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಭೀಮಣ್ಣ ಮುಳುಗಿರಲಿಲ್ಲ. ಅಲ್ಲೇ ಮತ್ತೊಂದು ಮದುವೆಯಾಗಿ, ಮುಪ್ಪಾಗಿ ತೀರಿಕೊಂಡಿದ್ದ. ಆಯಿಯ ಮುಖ ಕಂಡು ಹಿರಿಯರು ಅವಸರದಿಂದ ಸೇರಿಸಿದರು: ಅಲ್ಲಿ ಹುಟ್ಟಿದ ಮೊದಲ ಮಗಳಿಗೆ ಅಜ್ಜ ಕಲ್ಲವ್ವ ಎಂದೇ ಹೆಸರಿಟ್ಟಿದ್ದರು.

ಸಮಾಧಾನವಾದೀತೆಂದು ನಾನು ಅದನ್ನು ಖುಷಿಯಿಂದಲೇ ಹೇಳಿದೆ. ಆಯಿ ಸೆರಗನ್ನು ಬಾಯಿಗೊತ್ತಿಕೊಂಡಳು.

“ಹಂಗಾರ ಮರ್ತಿರಲಿಲ್ಲ. ದಿನಾ ಆ ಹೆಸರ ಹಿಡದು ಕರದಾನ. ನೆನಪಿಟ್ಟೂ ಬರಲಿಲ್ಲಲ್ಲೋ!”

ಇದನ್ನು ಆ ಹಿರಿಯರಿಗೆ ಹ್ಯಾಗೆ ಹೇಳಲಿ? ಆಯಿಯೇ ಕಣ್ಣೊರೆಸಿಕೊಂಡಳು. “ಉಣ್ಣಾಕ ಏಳು ತಮ್ಮಾ ಅಂತ ಹೇಳು ಅವಂಗ. ಅವಂದೇನು ತಪ್ಪದ?”

ಆ ವರ್ಷದ ಹಿರಿಯರ ಹಬ್ಬಕ್ಕೆ ಸತ್ತವರಿಗೆ ಎಡೆ ಬಡಿಸುವಾಗ ಆಯಿ ಮೊದಲ ಸಲ ಭೀಮಣ್ಣನಿಗೂ ಒಂದು ಇಟ್ಟಳು. ನಮ್ಮವ್ವ ಅದನ್ನು ಕಲ್ಲವ್ವನ ಎಡೆಯ ಪಕ್ಕಕ್ಕೆ ಸರಿಸಲು ಹೋದಳು.

“ಜೋಡಿ ಬ್ಯಾಡವ್ವಾ, ದೂರ ಇಡು. ಆಕೀಗಿ ಅವನ ಮಾರಿ ಕಾಣಬಾರದು.”

ಆಗ ನನಗೂ ಅವನ ಮೇಲೆ ಸಿಟ್ಟಿತ್ತು. ಮೊನ್ನೆ ಬಂದರಿನಲ್ಲಿ ನಿಂತು, ಕೊನೆಯೇ ಕಾಣದ ಆ ನೀರನ್ನು ನೋಡುತ್ತ, ಅಕ್ಷರ ಬಾರದ ಕೂಲಿ ಹುಡುಗನೊಬ್ಬನಿಗೆ ಆಚೆ ದಡದಿಂದ ಇದು ಹ್ಯಾಗೆ ಕಂಡಿದ್ದೀತು ಎಂದು ಮೊದಲ ಸಲ ಯೋಚಿಸಿದೆ. ಮಗಳಿಗೆ ಕಲ್ಲವ್ವನ ಹೆಸರಿಟ್ಟು ಕೂಗುವುದಕ್ಕಿಂತ ಹೆಚ್ಚಿನದೇನು ಅವನ ಕೈಲಿತ್ತೋ! ಆಯಿ ತೀರಿಕೊಂಡು ವರ್ಷಗಳಾದವು. ಒಮ್ಮೆ ಅವಳನ್ನು ಕರೆತಂದು ಈ ನೀರು ತೋರಿಸಬೇಕಿತ್ತು.