ದಮ್ಮಡಿಯ ಎಂಟು ಪೆಟ್ಟು

ಭಜನೆಯವರು ಹಾಡುವಾಗ ಹಿಂದಿನ ದೊಡ್ಡ ಪರದೆಯ ಮೇಲೆ ಚಿತ್ರ ಕುಣಿಸುವುದು ನನ್ನ ಕೆಲಸ. ವಿಡಿಯೊ ತುಣುಕು ಹಾಡಿನ ಲಯಕ್ಕೆ ಸರಿಯಾಗಿ ಬೀಳಬೇಕು. ಅರ್ಧ ಪೆಟ್ಟು ತಪ್ಪಿದರೂ ನಮ್ಮ ಜನ ಮುಖಕ್ಕೇ ಕೇಳುತ್ತಾರೆ, "ಏನ್ಲೇ, ನಿದ್ದಿ ಹತ್ತೇತೇನು?" ಬೈಗುಳಕ್ಕೆ ಹೆದರುವವನಲ್ಲ ನಾನು. ನಿಜಕ್ಕೂ ಹೆದರಿದ್ದು ಒಂದೇ ಸಲ, ಶಲವಡಿಯಲ್ಲಿ.

ಅಲ್ಲಿಯ ಭಜನಾ ಮೇಳದಲ್ಲಿ ಒಂದು ಕೈಯಲ್ಲಿ ದಮ್ಮಡಿ ಹಿಡಿದು ಬಾರಿಸುತ್ತಿದ್ದವರೊಬ್ಬರು ಹಿಂದಿನ ವರ್ಷ ಗುಡಗೇರಿಯಲ್ಲಿ ಭಜನೆಯ ನಡುವೆ ಕೂತಲ್ಲೇ ತೀರಿಹೋಗಿದ್ದರು. ಆ ದಿನ ಕ್ಯಾಮೆರಾ ಹಿಡಿದವನು ನಾನೇ. ವರ್ಷದ ಪುಣ್ಯಸ್ಮರಣೆಗೆ ಮೇಳದ ಹಿರಿಯರು ನನ್ನನ್ನು ಕರೆಸಿದರು.

"ಅವನ ಜಾಗಾ ಖಾಲಿ ಬಿಡ್ತೇವಿ. ಹಿಂದ ಪರದೇದಾಗ ಅವನ್ನ ಕುಂದ್ರಸರಿ. ನಮ್ಮ ಕೂಡ ಬಾರಸಲಿ," ಅಂದರು.

ಇಡೀ ವಿಡಿಯೊದಲ್ಲಿ ಅವರೊಬ್ಬರೇ ಸ್ಪಷ್ಟವಾಗಿ ಕಾಣುವುದು ಕೊನೆಯಲ್ಲಿ, ಎಂಟು ಪೆಟ್ಟಿನಷ್ಟು ಹೊತ್ತು. ಅದನ್ನೇ ಆರಿಸಿದೆ. ಎಂಟು ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ನೋಡುವವರಿಗೆ ನಿಲ್ಲದೆ ಬಾರಿಸಿದಂತೆ ಕಾಣುತ್ತದೆ. ಒಂಬತ್ತನೆಯ ಪೆಟ್ಟಿಗೆ ಅವರ ಬಲಗೈ ಎದೆಗೆ ಹೋಗುತ್ತದೆ. ಆ ಭಾಗವನ್ನು ಕತ್ತರಿಸಿ ಬಿಸಾಕಬೇಕಿತ್ತು. ನಾನು ಎಂಟಕ್ಕೆ ಬರೀ ಗುರುತು ಹಾಕಿ, ನಾಳೆ ನೋಡಿದರಾಯಿತು ಎಂದು ಬಿಟ್ಟೆ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ನಾನು ಇನ್ನೊಬ್ಬರ ಮನೆಗೇ ಕೈ ಹಾಕಿದ್ದೆ.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಸಮುದಾಯ ಭವನ ತುಂಬಿತ್ತು. ತೀರಿಹೋದವರ ಹೆಂಡತಿ ಮುಂದಿನ ಸಾಲಿನಲ್ಲಿ, ವೇದಿಕೆಯ ಪಕ್ಕದ ನನ್ನ ಮೇಜಿಗೆ ಕಾಣುವಂತೆ ಕೂತಿದ್ದರು. ಗಂಡ ಗುಡಗೇರಿಯಲ್ಲಿ ಸಾಯುವಾಗ ಆಕೆ ಇಲ್ಲೇ ಶಲವಡಿಯಲ್ಲಿದ್ದರು. ಆ ವಿಡಿಯೊವನ್ನು ಯಾರೂ ಆಕೆಗೆ ತೋರಿಸಿರಲಿಲ್ಲ. ಭಜನೆ ನಿಧಾನವಾಗಿ ಎದ್ದಿತು. ಪರದೆಯ ಮೇಲಿನವರು ಮೇಳದ ಜೊತೆ ಕೂದಲೆಳೆ ತಪ್ಪದೆ ಬಾರಿಸಿದರು. ಜನ ಕಣ್ಣೊರೆಸಿಕೊಂಡರು. ನನಗೆ ಒಳಗೊಳಗೇ ಜಂಬ.

ಅಷ್ಟರಲ್ಲಿ ಹಿರಿಯರು ಕತ್ತು ಕೊಡವಿ ದುಗುಣಕ್ಕೆ ಏರಿಸಿದರು. ಲಯ ದುಪ್ಪಟ್ಟಾಯಿತು. ಆಗ ನನಗೆ ಹೊಳೆಯಿತು: ಲಯ ದುಪ್ಪಟ್ಟಾದರೆ, ಹಾಡಿನ ಪೆಟ್ಟು ಕೇಳಿ ಹಿಂಬಾಲಿಸುವ ನನ್ನ ಯಂತ್ರ ಎಂಟನ್ನು ಹದಿನಾರು ಮಾಡಿಕೊಳ್ಳುತ್ತದೆ, ತುಣುಕು ಗುರುತು ದಾಟಿ ಮುಂದೆ ಓಡುತ್ತದೆ. ಅವಸರದಲ್ಲಿ ಬೇಕಾದ ಗುಂಡಿಯೇ ಸಿಗಲಿಲ್ಲ. ಆರು, ಏಳು, ಎಂಟು. ದೇವರೇ, ಆಕೆ ಒಮ್ಮೆ ಈ ಕಡೆ ತಿರುಗಬಾರದೇ! ಆಕೆ ರೆಪ್ಪೆಯನ್ನೂ ಮಿಟುಕಿಸಲಿಲ್ಲ. ಪರದೆಯ ಮೇಲೆ ಅವರ ಬಲಗೈ ದಮ್ಮಡಿ ಬಿಟ್ಟು ಮೇಲೆದ್ದಿತು. ನಾನು ವಾಯರನ್ನೇ ಕಿತ್ತೆ.

ಪರದೆ ಕಪ್ಪಾಯಿತು. ಕರೆಂಟು ಹೋಯಿತೆಂದುಕೊಂಡು ಜನ ಭಜನೆ ಮುಂದುವರಿಸಿದರು.

ಪ್ರಸಾದದ ಹೊತ್ತಿಗೆ ಆಕೆ ನನ್ನ ಮೇಜಿನ ಹತ್ತಿರ ಬಂದರು. ಬಾಯಿಗೆ ಬಂದಂತೆ ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ.

"ತಮ್ಮಾ, ಮುಂದ ಇನ್ನೂ ಐತಿ, ಹೌದಲ್ಲ?"

"ಬ್ಯಾಡ್ರಿ ಅಕ್ಕಾರ. ನೋಡಬ್ಯಾಡ್ರಿ."

"ಊರ ಮಂದಿಯೆಲ್ಲ ನೋಡ್ಯಾರ. ನಾ ಒಬ್ಬಾಕಿನ ನೋಡಿಲ್ಲ. ತೋರಸು."

ಇಲ್ಲ ಅನ್ನುವ ಧೈರ್ಯ ನನಗೆ ಬರಲಿಲ್ಲ. ಲ್ಯಾಪ್‌ಟಾಪನ್ನು ಆಕೆಯ ಕಡೆ ತಿರುಗಿಸಿದೆ. ಆಕೆ ಕುರ್ಚಿ ಎಳೆದುಕೊಂಡು ಕೂತರು. ನಾನು ಗುಂಡಿ ಒತ್ತುವ ಮೊದಲು ನನ್ನ ಕೈ ಹಿಡಿದರು.

"ಹಾಡಿಗೆ ಹೊಂದಸಾಕ ಜೋರ ಮಾಡ್ತಿದ್ದಿಯಲ್ಲ, ಹಂಗ ನಿಧಾನ ಮಾಡಾಕೂ ಬರ್ತೈತೇನು?"

"ಬರ್ತೈತ್ರಿ."

"ಎಷ್ಟ ನಿಧಾನ ಆಗ್ತೈತೋ ಅಷ್ಟ ಮಾಡು."

ಮಾಡಿದೆ. ಅವರ ಕೈ ಎದೆ ಮುಟ್ಟಲು ಬಹಳ ಹೊತ್ತು ಹಿಡಿಯಿತು.