ಅಂಜಿಕೆ ಕೇಳುತ್ತಿದ್ದ ಕಸ್ತೂರಿ ಅಕ್ಕ

"ಇವತ್ತ ಯಾವುದಕ್ಕ ಅಂಜಿಕಿ ಬಂದೈತಿ?"

ದಿನಾ ಬೆಳಿಗ್ಗೆ ಹತ್ತಕ್ಕೆ ಕಸ್ತೂರಿ ಅಕ್ಕ ನಮ್ಮನ್ನು ಗೋಡೆಯ ಮುಂದೆ ನಿಲ್ಲಿಸಿ ಕೇಳುತ್ತಿದ್ದದ್ದು ಇದೊಂದೇ ಪ್ರಶ್ನೆ. ಯಾರ ಕೆಲಸ ಎಲ್ಲಿಗೆ ಬಂತು ಎನ್ನುವುದು ಗೋಡೆಯ ಬಣ್ಣದ ಚೀಟಿಗಳಲ್ಲೇ ಕಾಣುತ್ತದೆ, ಬಾಯಿಂದ ಬರಬೇಕಾದದ್ದು ಅಂಜಿಕೆ ಮಾತ್ರ ಎಂಬುದು ಅವರ ವಾದ. ಯಾರೂ ಕೂರುವಂತಿರಲಿಲ್ಲ. "ಕುಂತ್ರ ಮಾತು ಉದ್ದ ಆಗ್ತಾವ, ನಡುವ ಸುಳ್ಳೂ ಸೇರ್ತಾವ" ಎನ್ನುತ್ತಿದ್ದರು.

ಸಿಂದಗಿಯಲ್ಲಿ ಬೀಜದ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಆಫೀಸು. ಅಕ್ಕನ ಕೈಕೆಳಗೆ ನಾವು ನಾಲ್ವರು ಸೇರಿ ಒಂದು ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಭೀಮಾ ನದಿಗೆ ಮೇಲಿನಿಂದ ನೀರು ಬಿಟ್ಟ ಸುದ್ದಿ ಬಂದ ಕೂಡಲೇ ಅದು ದಂಡೆಯ ಊರಿನವರಿಗೆಲ್ಲ ಫೋನ್ ಮಾಡಿ ಎಚ್ಚರಿಸಬೇಕು. ಎರಡು ವಾರಕ್ಕೊಂದು ತುಣುಕು ಮುಗಿಸಿ, ಹಳ್ಳಿಯವರ ಕೈಗೇ ಕೊಟ್ಟು ನೋಡುವುದು ಅಕ್ಕನ ಪದ್ಧತಿ. ಮುದ್ದೇಬಿಹಾಳದವರು; ಪುಣೆಯ ಕಂಪನಿಗಳಲ್ಲಿ ಇಂಥ ತಂಡಗಳನ್ನು ಪಳಗಿಸಿ ಬಂದಿದ್ದರು. ತಾವು ಕೋಡ್ ಬರೆಯುತ್ತಿರಲಿಲ್ಲ. ನಮ್ಮ ಹಿಂದೆ ನಿಂತು ನೋಡುತ್ತಿದ್ದರು, ಅಷ್ಟೇ. ಅಷ್ಟಕ್ಕೇ ನನ್ನ ಬೆರಳು ತಡವರಿಸುತ್ತಿದ್ದವು.

ಆ ಮಳೆಗಾಲದ ಒಂದು ಸೋಮವಾರ ನನಗೊಂದು ತಪ್ಪು ಕಂಡಿತು. ಪಟ್ಟಿಯಲ್ಲಿ ಒಂದೇ ನಂಬರು ಎರಡು ಸಲ ಬಂದರೆ ಕರೆಗಳು ಅಲ್ಲಿಗೇ ನಿಂತುಬಿಡುತ್ತಿದ್ದವು. ಅದನ್ನು ಬರೆದವಳು ನಾನೇ. ನನ್ನ ಚೀಟಿ ಆಗಲೇ 'ಮುಗೀತು' ಸಾಲಿಗೆ ಹೋಗಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಸದ್ದಿಲ್ಲದೆ ಸರಿ ಮಾಡಿಬಿಡೋಣ ಅಂದುಕೊಂಡೆ. ಮಂಗಳವಾರ ಅಕ್ಕ ಕೇಳಿದಾಗ "ಏನಿಲ್ರಿ ಅಕ್ಕಾರ" ಎಂದೆ. ಬುಧವಾರವೂ ಅದನ್ನೇ ಹೇಳಿದೆ; ತಪ್ಪು ಇನ್ನೂ ಸರಿಯಾಗಿರಲಿಲ್ಲ.

ಅವತ್ತೇ ಮಧ್ಯಾಹ್ನ ನೀರು ಬಿಟ್ಟ ಸುದ್ದಿ ಬಂತು. ಕರೆ ಮುಗಿದ ಊರಿನ ಹೆಸರುಗಳು ಪರದೆಯ ಮೇಲೆ ಒಂದೊಂದಾಗಿ ಹಸಿರಾದವು. ದೇವಣಗಾಂವದ ಪಟ್ಟಿ ಅರ್ಧಕ್ಕೆ ನಿಂತಿತು.

"ಅಕ್ಕಾರ, ಇದು ನನಗ ಗೊತ್ತಿತ್ತು."

ಅಕ್ಕ ನನ್ನ ಮುಖ ನೋಡಲಿಲ್ಲ. "ಅಳೂದು ಆಮ್ಯಾಲ. ಉಳದ ನಂಬರ್ ಹಂಚ್ಕೋರಿ. ನಿಮ್ಮ ನಿಮ್ಮ ಫೋನ್ ತಗೀರಿ."

ಐವರೂ ಗೋಡೆಗೆ ಮುಖ ಮಾಡಿ, ನೀರು ಬರುತ್ತಿದೆಯೆಂದು ಫೋನಿನಲ್ಲಿ ಕೂಗಿ ಹೇಳಿದೆವು. ಕೊನೆಗೆ ನನ್ನ ಪಾಲಿನ ಒಂದು ನಂಬರು ಉಳಿಯಿತು, ಶಿವಪ್ಪ ಎಂಬವರದು. ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಅಕ್ಕ ಅವರ ಪಕ್ಕದ ಮನೆಗೆ ಫೋನ್ ಹಚ್ಚಿದರು.

"ಶಿವಪ್ಪ ಮುತ್ಯಾ ಹೊಳಿ ದಂಡ್ಯಾಗ ಎಮ್ಮಿ ಕಟ್ಟಾಕ ಹೋಗ್ಯಾನ್ರಿ" ಎಂದಳು ಅಲ್ಲಿಯ ಹೆಣ್ಣುಮಗಳು.

"ಯಾರನ್ನರ ಓಡಸವ್ವಾ, ಈಗಿಂದೀಗ!"

ಆಮೇಲೆ ಕಾಯುವುದೊಂದೇ ಉಳಿಯಿತು. ಅಕ್ಕ ನನ್ನ ಮಣಿಕಟ್ಟು ಹಿಡಿದು ನಿಂತಿದ್ದರು. ಅವರ ಉಗುರು ಚರ್ಮಕ್ಕಿಳಿದದ್ದನ್ನು ನಾನು ನೋಡಿಕೊಂಡದ್ದು ಸಂಜೆ. ಮುಕ್ಕಾಲು ತಾಸಿನ ಮೇಲೆ ಫೋನ್ ಬಂತು. ಶಿವಪ್ಪ ಎದೆಮಟ್ಟದ ನೀರಿನಲ್ಲಿ ಎಮ್ಮೆಯ ಹಗ್ಗ ಹಿಡಿದು ಮೇಲೆ ಬಂದಿದ್ದರು. ಅದರ ಕರು ಬಂದಿರಲಿಲ್ಲ.

ವಾರದ ನಂತರ, ಈ ಕೆಲಸ ಮಾಡಿಸುತ್ತಿದ್ದ ಸಂಸ್ಥೆಯವರು ಬಂದು ತಪ್ಪು ಯಾರದೆಂದು ಕೇಳಿದರು. ನಾನು ಎದ್ದು ನಿಂತು ನನ್ನದೆಂದೆ. ಅಕ್ಕ ನನ್ನ ಮಾತು ಮುಗಿಯಗೊಡಲಿಲ್ಲ. "ಖರೇ ಹೇಳಾಕ ಅಂಜುವಂಗ ತಂಡಾ ನಡಿಸಿದಾಕಿ ನಾನು. ಬರ್ಕೋರಿ." ಅವರು ಅದನ್ನೇ ಬರೆದುಕೊಂಡರು. ತಿಂಗಳ ಕೊನೆಗೆ ಅಕ್ಕನ ಕೆಲಸ ಹೋಯಿತು.

ಮುದ್ದೇಬಿಹಾಳದ ಬಸ್ಸಿಗೆ ಹತ್ತಿಸಲು ನಾನೊಬ್ಬಳೇ ಹೋಗಿದ್ದೆ. ಕಿಟಕಿಯಿಂದ ಕೇಳಿದರು, "ಶಿವಪ್ಪನ ಕೂಡ ಮಾತಾಡಿಯೇನು?"

"ಇಲ್ರಿ."

"ಮೆಸೇಜ್ ಹಾಕಬ್ಯಾಡ. ಮಾತಾಡು."

ಮತ್ತೆ ಅವರನ್ನು ನಾನು ಕಂಡಿಲ್ಲ. ಬಸ್ಸು ಹೋದ ಮೇಲೆ ನಿಲ್ದಾಣದ ಕಂಬಕ್ಕೆ ಒರಗಿ ಆ ನಂಬರು ಒತ್ತಿದೆ. ಈ ಸಲ ಎರಡನೇ ರಿಂಗಿಗೇ ಎತ್ತಿದರು. ಎರಡು ದಿನ ಮೊದಲೇ ನನಗೆ ಗೊತ್ತಿತ್ತು, ಹೇಳಲಿಲ್ಲ ಎಂದೆ. ಹೊಳೆ ಬಂದ ದಿನವೂ ನಾನು ಅಷ್ಟು ಹೆದರಿರಲಿಲ್ಲ.

"ಎಮ್ಮಿ ಈದು ನಾಕ ದಿನಾ ಆಗಿತ್ತವ್ವಾ" ಎಂದರು ಶಿವಪ್ಪ. "ಕರಕ್ಕ ಇನ್ನೂ ಒದರತೈತಿ."

ಫೋನ್ ಇಡುವ ಮೊದಲು ಅವರೇ ಹೇಳಿದರು:

"ನನ್ನ ನಂಬರ್ ಇಟ್ಕೋ. ಮತ್ತ ನೀರ್ ಬಂದ್ರ ನೀನ ಫೋನ್ ಹಚ್ಚು."