ಎಡಗಡೆಯ ಬಟನ್

ಬಸವನ ಬಾಗೇವಾಡಿಯ ಬಸ್ ನಿಲ್ದಾಣದ ಎದುರು, ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಮುಬಿನ ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತಾಳೆ. ಇಂಡಿ ಪಟ್ಟಣದ ಒಂದು ಲಿಂಬೆ ಅಂಗಡಿಗೆ, ಸಿಂದಗಿಯ ಒಂದು ಲಾಡ್ಜಿಗೆ ಅವಳೇ ಬರೆದುಕೊಟ್ಟಿದ್ದಾಳೆ. ಅವಳ ತಂದೆ ಬಾಬುಲಾಲ ಮಾತ್ರ ಎಲ್ಲರ ಮುಂದೆ ಅದನ್ನು ಟೈಪಿಂಗ್ ಎಂದೇ ಹೇಳುತ್ತಾರೆ. ತಿದ್ದಿ ತಿದ್ದಿ ಸಾಕಾಗಿ ಅವಳು ಸುಮ್ಮನಾಗಿದ್ದಾಳೆ.

ನಾನು ಶಂಕರೆಪ್ಪ, ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಯ ಹಾಲಿನ ಡೈರಿಯ ಕಾರ್ಯದರ್ಶಿ. ನನಗೆ ಯಂತ್ರಗಳ ಮೇಲೆ ನಂಬಿಕೆ ಕಡಿಮೆ, ಜನರ ಮೇಲೆ ಇನ್ನೂ ಕಡಿಮೆ. ಕಳೆದ ವರ್ಷ ನಮ್ಮ ಆಡಳಿತ ಮಂಡಳಿಯವರು ಹಾಲು ಅಳೆಯುವ ಹೊಸ ಯಂತ್ರ ತಂದು, ಅದರ ಪರದೆಯ ಪ್ರೋಗ್ರಾಂ ಬರೆಯುವ ಕೆಲಸವನ್ನು ಮುಬಿನಳಿಗೆ ಕೊಟ್ಟರು. ಒಂದು ತಿಂಗಳು ನೋಡುವುದು, ಸರಿಹೋದರೆ ಸುತ್ತಲಿನ ಡೈರಿಗಳ ಕೆಲಸವೂ ಅವಳಿಗೇ, ಇಲ್ಲವಾದರೆ ಎಲ್ಲವೂ ವಾಪಸ್. ಅವಳಿಗೆ ಇಷ್ಟು ದೊಡ್ಡ ಕೆಲಸ ಅದುವರೆಗೆ ಸಿಕ್ಕಿರಲಿಲ್ಲ.

ಹಾಲು ಹಾಕುವವರು ತಮ್ಮ ಹೆಸರಿನ ಕಾರ್ಡ್ ಇಟ್ಟು ಪಾತ್ರೆಗೆ ಹಾಲು ಸುರಿದರೆ ಪರದೆಯ ಮೇಲೆ ಲೀಟರ್, ಫ್ಯಾಟ್ ಬರುತ್ತದೆ. ಸರಿಯಿದ್ದರೆ ‘ಒಪ್ಪಿಗೆ’ ಎಂಬ ಬಟನ್ ಮುಟ್ಟಬೇಕು. ಅದರ ಕೆಳಗೆ ‘ರದ್ದು’. ಎರಡೂ ಪರದೆಯ ಎಡ ಅಂಚಿನಲ್ಲಿದ್ದವು.

ಮೊದಲ ದಿನವೇ ಸಾಲು ಬೆಳೆದು ಡೈರಿಯ ಹೊರಗಿನ ಹುಣಸೆ ಮರ ಮುಟ್ಟಿತು. ಪರದೆ ಇದ್ದದ್ದು ಹಾಲಿನ ಪಾತ್ರೆಯ ಹಿಂದೆ. ಬಲಗೈಯನ್ನು ಎಡಕ್ಕೆ ಚಾಚಿದರೆ ಸೆರಗು ಹಾಲಿಗೆ ಬೀಳುತ್ತಿತ್ತು. ಎಡಗೈಯಿಂದ ಮುಟ್ಟಿದರೆ ಯಾವ ತೊಂದರೆಯೂ ಇರಲಿಲ್ಲ. ನಾನು ಅದನ್ನೇ ಹೇಳಿದೆ.

“ಹಾಲಿನ ಮುಂದ ಎಡಗೈ ಚಾಚಬೇಕಾ? ನಿಮ್ಮ ಮನ್ಯಾಗ ಹಂಗ ಮಾಡ್ತಾರೇನೋ ಶಂಕರೆಪ್ಪ?” ಎಂದಳು ಹೊನ್ನವ್ವ. ಊರಲ್ಲಿ ಎಲ್ಲರಿಗಿಂತ ಮೊದಲು ಹಾಲು ಹಾಕುವ ಮುದುಕಿ ಅವಳು. ಅವಳು ಒಪ್ಪದ್ದನ್ನು ಹಿಂದಿನ ಸಾಲೂ ಒಪ್ಪುವುದಿಲ್ಲ.

ದಾರಿಯನ್ನೂ ಅವಳೇ ಕಂಡುಹಿಡಿದಳು. ಯಂತ್ರಕ್ಕೆ ಬೆನ್ನು ಮಾಡಿ ನಿಂತಳು. ತಿರುಗಿ ನಿಂತರೆ ಬಲಗೈ ತಾನೇ ಬಟನ್ನಿನ ಬದಿಗೆ ಬರುತ್ತದೆ. ಕೈ ಹಿಂದೆ ಮಾಡಿ ಅಂದಾಜಿನಲ್ಲಿ ಒತ್ತಿದಳು. ಬಿದ್ದದ್ದು ‘ರದ್ದು’. ಅವಳ ಹಾಲು ದೊಡ್ಡ ಕ್ಯಾನಿಗೆ ಹೋಯಿತು, ಲೆಕ್ಕಕ್ಕೆ ಹೋಗಲಿಲ್ಲ. ವಾರದೊಳಗೆ ಊರಿನ ಹೆಂಗಸರೆಲ್ಲ ಹಾಗೆಯೇ ನಿಲ್ಲತೊಡಗಿದರು. ಹೊರಗಿನಿಂದ ನೋಡಿದವರಿಗೆ ಅವರೆಲ್ಲ ಯಂತ್ರದ ಜೊತೆ ಮುನಿಸಿಕೊಂಡಂತೆ ಕಾಣುತ್ತಿತ್ತು. ದಿನಾ ಅರ್ಧ ಊರಿನ ಹಾಲು ರದ್ದಾಗುತ್ತಿತ್ತು, ಬೈಗುಳವೆಲ್ಲ ನನ್ನ ಪಾಲಿಗೆ.

ಯಂತ್ರ ವಾಪಸ್ ಕಳಿಸಿ ಎಂದರು ಮಂಡಳಿಯವರು. ನಾನು ಮುಬಿನಳಿಗೆ ಫೋನ್ ಹಚ್ಚಿದೆ. ಅವಳು ಮರುದಿನ ಮೊದಲ ಬಸ್ಸಿಗೆ ಬಂದು, ಮೂಲೆಯಲ್ಲಿ ನಿಂತು, ಹೆಂಗಸರ ಬೆನ್ನುಗಳನ್ನೆಲ್ಲ ನೋಡಿದಳು. ನಗಲಿಲ್ಲ.

“ಬಟನ್ ಯಾಕವಾ ಎಡಕ್ಕ ಇಟ್ಟಿ?” ಎಂದೆ.

“ಬೇಕಂತ ಇಟ್ಟಿಲ್ರಿ ಕಾಕಾ. ನನ್ನ ಕೈಗೆ ಅಲ್ಲೇ ಸರಿ ಅನಿಸ್ತು.”

ಲ್ಯಾಪ್‌ಟಾಪ್ ತೆರೆದು ಮೌಸನ್ನು ಎಡಗಡೆ ಇಟ್ಟುಕೊಂಡಳು. ಆಗ ನನಗೆ ತಿಳಿಯಿತು. ಸಾಲಿನಲ್ಲಿದ್ದ ಹೊನ್ನವ್ವನಿಗೂ ತಿಳಿಯಿತು. ಅವಳು ಕ್ಯಾನ್ ಕೆಳಗಿಟ್ಟು ಒಳಗೇ ಬಂದಳು.

“ಎಡಚಿ ಏನವಾ ನೀನು? ನಿಮ್ಮವ್ವ ಬಿಡಿಸಲಿಲ್ಲೇನು?”

“ಉಣ್ಣಾಕ ಕುಂತಾಗ ಈ ಕೈ ಓಢಣೀಲೆ ಹಿಂದಕ್ಕ ಕಟ್ಟತಿದ್ಳ್ರಿ ಆಯಿ. ಉಣ್ಣೂದು, ಕೊಡೂದು, ತಗೊಳ್ಳೂದು ಎಲ್ಲಾ ಬಲಕ್ಕ ಬಂದ್ವು. ಬರಿಯೂದೊಂದ ಬರಲಿಲ್ಲ.”

ಬಸ್ಸಿನ ವೇಳೆ ಹೇಳುವ ಹಾಗೆ ಹೇಳಿದಳು. ಆಮೇಲೆ ನನಗೆ ಒಂದು ಫೈಲ್ ತೋರಿಸಿದಳು. “ಒಂದೊಂದ ಬಟನ್ನಿಗೆ ಬ್ಯಾರೆ ಬ್ಯಾರೆ ಬುದ್ಧಿ ಹೇಳ್ಕೋತ ಕುಂತ್ರ ಮುಪ್ಪ ಬರ್ತೈತ್ರಿ. ಅದಕ್ಕ, ಏನೂ ಹೇಳದಿದ್ರ ಎಲ್ಲಾ ಬಟನ್ ಹೆಂಗಿರಬೇಕು ಅನ್ನೂದನ್ನ ಇಲ್ಲೊಂದ ಕಡೆ ಬರದಿಟ್ಟೇನಿ. ಡಿಫಾಲ್ಟ್ ಅಂತಾರ.” ಅಕ್ಷರದ ಅಳತೆ, ಬಣ್ಣ, ಆಮೇಲೆ ಬದಿ. ಬದಿಯ ಮುಂದೆ ‘ಎಡ’ ಎಂದಿತ್ತು.

“ಒಂದ ಶಬ್ದ ಅಲ್ಲೇನು? ಬದಲ ಮಾಡು ಮತ್ತ,” ಎಂದೆ.

“ಮಾಡ್ತೇನ್ರಿ.”

ಮಾಡಲಿಲ್ಲ. ಬೆರಳು ಕೀಲಿಯ ಮೇಲೆ ಹಾಗೇ ನಿಂತಿತ್ತು.

“ಕತ್ತರಿ, ಸಾಲಿ ಬೆಂಚು, ಎಲ್ಲಾ ನಿಮ್ಮ ಕೈಗೇ ಮಾಡ್ಯಾರ್ರಿ ಕಾಕಾ. ನನ್ನ ಕೈಗಂತ ಇದೊಂದ ಇತ್ತು. ಬ್ಯಾಸರ ಆಗಾಕತ್ತೈತಿ.”

ಸಮಾಧಾನ ಹೇಳುವುದು ಕಾರ್ಯದರ್ಶಿಯ ಕೆಲಸದಲ್ಲಿ ಬರುವುದಿಲ್ಲ. ಅವಳು ‘ಎಡ’ ಅಳಿಸಿ ‘ಬಲ’ ಎಂದು ಬರೆದಳು. ಪ್ರೋಗ್ರಾಮಿನ ಬಟನ್‌ಗಳೆಲ್ಲ ಒಮ್ಮೆಗೇ ಬಲಕ್ಕೆ ಸರಿದು ನಿಂತವು, ಯಾವತ್ತೂ ಅಲ್ಲೇ ಇದ್ದವರ ಹಾಗೆ.

“ಪರೀಕ್ಷೆ ಮಾಡಾಕ ನಂದೊಂದ ಕಾರ್ಡ್ ಐತ್ರಿ. ಅದನ್ನ ಇಟ್ಟಾಗಷ್ಟ ಎಡಕ್ಕ ಬರೂ ಹಂಗ ಮಾಡ್ಲ್ಯಾ?”

ಮಂಡಳಿಯನ್ನು ಕೇಳಬೇಕಾಗುತ್ತದೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹೊನ್ನವ್ವ, “ಮಾಡ್ಕೋ ಮಾಡ್ಕೋ. ಇವನ್ನೇನ ಕೇಳ್ತಿ,” ಎಂದಳು.

ಅಂದು ಸಂಜೆ ಹೆಂಗಸರೆಲ್ಲ ಯಂತ್ರಕ್ಕೆ ಮುಖ ಕೊಟ್ಟು ನಿಂತರು. ಸಾಲು ಬೇಗ ಕರಗಿತು. ಮಂಡಳಿಯ ಅಧ್ಯಕ್ಷರು ಬಂದು ನೋಡಿ, ಉಳಿದ ಡೈರಿಗಳಿಗೂ ಇದೇ ಇರಲಿ ಎಂದು ಹೇಳಿ, ಮೊದಲೇ ಹೀಗೆ ಮಾಡಬೇಕಿತ್ತು ಎಂದೂ ಸೇರಿಸಿದರು. ಮುಬಿನ ಹೌದ್ರಿ ಎಂದಳು.

ಅವಳು ಬಸ್ಸಿಗೆ ಹೊರಡುವಾಗ ಹೊನ್ನವ್ವ ಮನೆಯಿಂದ ಬಿಸಿ ಹಾಲಿನ ಲೋಟ ತಂದಳು. ಮುಬಿನ ಬಲಗೈ ಚಾಚಿದಳು. ಹೊನ್ನವ್ವ ಲೋಟ ಕೊಡಲಿಲ್ಲ.

“ನಿಮ್ಮವ್ವ ಕಟ್ಟೂಕಿಂತ ಮೊದಲ ಯಾವ ಕೈ ಬರ್ತಿತ್ತು, ಆ ಕೈಲೆ ತಗೋ ಮಗಳ.”

ಮುಬಿನ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಎಡಗೈ ಅರ್ಧ ಎತ್ತಿ ನನ್ನನ್ನು ನೋಡಿದಳು. ನಾನು ಬಾಗಿಲ ಕಡೆ ತಿರುಗಿದೆ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಎಡಗೈಯಲ್ಲಿ ಲೋಟ ಹಿಡಿದು ಅವಳಿಗೆ ರೂಢಿಯಿರಲಿಲ್ಲ. ಬಾಯಿಗೆ ಒಯ್ಯುವಷ್ಟರಲ್ಲಿ ಮೇಜಿನ ಮೇಲೆ ಹಾಲು ಚೆಲ್ಲಿತು. ಒಂದು ಹನಿ ಚೆಲ್ಲಿದರೂ ಓಣಿ ಕೇಳುವಂತೆ ಬಯ್ಯುವ ಹೊನ್ನವ್ವ, ಸೆರಗಿನಿಂದ ಮೇಜು ಒರೆಸಿ, “ಸಾವಕಾಶ ಕುಡಿ,” ಎಂದಳು.